ಮನೆಯಲ್ಲಿ ಬಿಯರ್ ತಯಾರಿಕೆ

ಮನೆಯಲ್ಲಿ ಬಿಯರ್ ತಯಾರಿಕೆ ಎಂದರೆ ಮಾರಾಟದ ಉದ್ದೇಶವಿಲ್ಲದೆ, ಸ್ವಂತ ಬಳಕೆಗಾಗಿ ಸಣ್ಣ ಪ್ರಮಾಣದಲ್ಲಿ ಬಿಯರನ್ನು ತಯಾರಿಸುವ ಹವ್ಯಾಸ. ಬ್ರಿಟನ್, ಅಮೇರಿಕ ಸಂಯುಕ್ತ ಸಂಸ್ಥಾನ, ಆಸ್ಟ್ರೇಲಿಯಾ ಮೊದಲಾದ ದೇಶಗಳಲ್ಲಿ ಇದು ಬಹು ಜನಪ್ರಿಯ. ಅಲ್ಲಿ ಒಂದು ಬಾರಿಗೆ ಸುಮಾರು 19ರಿಂದ 23 ಲೀಟರ್ ತಯಾರಿಸುವುದು ರೂಢಿ. ಹೊಸಬರು 4 ಲೀಟರಿನಿಂದ ಆರಂಭಿಸುವುದೂ ಉಂಟು. ಸಕ್ಕರೆಯನ್ನು ಮದ್ಯಸಾರವಾಗಿ ಮಾರ್ಪಡಿಸುವ ಕೆಲಸ ಯೀಸ್ಟ್‌ನದು. ಅದಕ್ಕೆ ತಕ್ಕ ಆಹಾರವನ್ನೂ ಹದವಾದ ಉಷ್ಣತೆಯನ್ನೂ ಶುದ್ಧವಾದ ಪಾತ್ರೆಯನ್ನೂ ಒದಗಿಸುವುದಷ್ಟೇ ತಯಾರಕನ ಹೊಣೆ. ಕರ್ನಾಟಕದಲ್ಲಿ ಪರವಾನಗಿಯಿಲ್ಲದೆ ಬಿಯರ್ ತಯಾರಿಸುವುದು ಕಾನೂನುಬಾಹಿರ.

ಇತಿಹಾಸ

ಮಧ್ಯಯುಗದ ಇಂಗ್ಲೆಂಡಿನಲ್ಲಿ ಬಿಯರ್ ತಯಾರಿಕೆಯು ಅಡುಗೆಯಂತೆ ಮನೆವಾರ್ತೆಯ ಭಾಗವಾಗಿದ್ದು, ಬಹುಮಟ್ಟಿಗೆ ಹೆಂಗಸರ ಕೈಯಲ್ಲಿತ್ತು. ಹದಿನೆಂಟನೆಯ ಶತಮಾನದಲ್ಲಿ ಲಂಡನ್ನಿನಲ್ಲಿ ದೊಡ್ಡ ಕಾರ್ಖಾನೆಗಳು ತಲೆಯೆತ್ತಿದ ಮೇಲೆ ಮನೆಯ ತಯಾರಿಕೆ ಹಿಂದೆ ಸರಿಯಿತು. 1880ರಲ್ಲಿ ಪ್ರಧಾನಿ ಗ್ಲ್ಯಾಡ್‌ಸ್ಟನ್ ಅವರ ಸರ್ಕಾರವು ಮಾಲ್ಟ್ ಮೇಲಿನ ತೆರಿಗೆಯನ್ನು ತೆಗೆದು ಬಿಯರ್ ಮೇಲೆ ತೆರಿಗೆ ವಿಧಿಸಿತು. ಮನೆಯಲ್ಲಿ ತಯಾರಿಸುವವರೂ ಪರವಾನಗಿ ಪಡೆಯಬೇಕಾಯಿತು. 1963ರಲ್ಲಿ ಹಣಕಾಸು ಸಚಿವ ರೆಜಿನಾಲ್ಡ್ ಮೌಡ್ಲಿಂಗ್ ಈ ಪರವಾನಗಿಯನ್ನು ರದ್ದುಗೊಳಿಸಿದರು.

ಅಮೇರಿಕದಲ್ಲಿ 1920ರಿಂದ 1933ರವರೆಗೆ ಪಾನನಿಷೇಧವಿತ್ತು. ನಿಷೇಧ ತೆರವಾದಾಗ ಮನೆಯಲ್ಲಿ ದ್ರಾಕ್ಷಾರಸದ ವೈನ್ ಮಾಡಲು ಅವಕಾಶ ದೊರೆಯಿತಾದರೂ ಬಿಯರಿಗೆ ಆ ಅವಕಾಶ ಸಿಗಲಿಲ್ಲ. 1978ರ ಅಕ್ಟೋಬರಿನಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾಯಿದೆಯು ಈ ಕೊರತೆಯನ್ನು ನೀಗಿಸಿತು. ಅದರಂತೆ ವಯಸ್ಕನೊಬ್ಬನಿರುವ ಮನೆಯಲ್ಲಿ ವರ್ಷಕ್ಕೆ 100 ಗ್ಯಾಲನ್ (ಸುಮಾರು 378 ಲೀಟರ್), ಇಬ್ಬರು ಅಥವಾ ಹೆಚ್ಚು ವಯಸ್ಕರಿರುವ ಮನೆಯಲ್ಲಿ 200 ಗ್ಯಾಲನ್ ಬಿಯರನ್ನು ತೆರಿಗೆಯಿಲ್ಲದೆ ತಯಾರಿಸಬಹುದು. ಆದರೆ ಅಂತಿಮ ನಿರ್ಣಯ ರಾಜ್ಯಗಳದಾಗಿತ್ತು. ಅಲಬಾಮ ಮತ್ತು ಮಿಸಿಸಿಪ್ಪಿ ಒಪ್ಪಿಗೆ ನೀಡಿದ್ದು 2013ರಲ್ಲಿ. ಕೊಲರಾಡೊದ ಬೋಲ್ಡರ್ ನಗರದಲ್ಲಿ ಶಿಕ್ಷಕರಾಗಿದ್ದ ಚಾರ್ಲಿ ಪಪೇಜಿಯನ್, 1978ರಲ್ಲಿ ಸ್ಥಾಪನೆಗೊಂಡ ಅಮೇರಿಕನ್ ಹೋಮ್‌ಬ್ರೂವರ್ಸ್ ಅಸೋಸಿಯೇಷನ್ನಿನ ಸ್ಥಾಪಕರಲ್ಲೊಬ್ಬರು. 1984ರಲ್ಲಿ ಪ್ರಕಟವಾದ ಅವರ ಕೈಪಿಡಿಯು ಈ ಹವ್ಯಾಸವನ್ನು ಜನಸಾಮಾನ್ಯರಿಗೆ ತಲುಪಿಸಿತು.

ಮೂಲವಸ್ತುಗಳು

ನೀರು, ಮಾಲ್ಟ್, ಹಾಪ್ಸ್ ಮತ್ತು ಯೀಸ್ಟ್ ಇವು ನಾಲ್ಕು ಮೂಲವಸ್ತುಗಳು. ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿದರೆ ಮಾಲ್ಟ್ ಆಗುತ್ತದೆ. ನಮ್ಮಲ್ಲಿ ರಾಗಿ ಮಾಲ್ಟ್ ಮಾಡುವ ತತ್ವವೂ ಇದೇ. ಮೊಳಕೆಯೊಡೆಯುವಾಗ ಹುಟ್ಟುವ ಕಿಣ್ವಗಳು ಕಾಳಿನ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತವೆ. ಹಾಪ್ಸ್ ಎಂಬುದು ಒಂದು ಬಳ್ಳಿಯ ಹೂಗೊಂಚಲು. ಅದು ಬಿಯರಿಗೆ ಕಹಿಯನ್ನೂ ಪರಿಮಳವನ್ನೂ ನೀಡುವುದಲ್ಲದೆ ಕೆಲವು ಬ್ಯಾಕ್ಟೀರಿಯಾಗಳನ್ನು ತಡೆಯುತ್ತದೆ. ಏಲ್ ವರ್ಗದ ಯೀಸ್ಟ್‌ಗೆ ಸಾಮಾನ್ಯವಾಗಿ 18ರಿಂದ 22 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಒಗ್ಗುತ್ತದೆ. ಲಾಗರ್ ವರ್ಗದ್ದಕ್ಕೆ ಸುಮಾರು 8ರಿಂದ 13 ಡಿಗ್ರಿಯ ತಂಪು ಬೇಕಾದುದರಿಂದ ಹೊಸಬರಿಗೆ ಏಲ್ ಸುಲಭ.

ತಯಾರಿಕೆಯ ಹಂತಗಳು

ಹೊಸಬರು ಕಾಳಿನ ಬದಲು ಒಣ ಮಾಲ್ಟ್ ಸಾರದ ಪುಡಿಯನ್ನು ಬಳಸುವುದು ವಾಡಿಕೆ. ಕಾಳಿನಿಂದಲೇ ಆರಂಭಿಸುವವರು ನುಚ್ಚು ಮಾಡಿದ ಮಾಲ್ಟನ್ನು 65ರಿಂದ 68 ಡಿಗ್ರಿ ಬಿಸಿನೀರಿನಲ್ಲಿ ಸುಮಾರು ಒಂದು ಗಂಟೆ ನೆನೆಸಿ ಸೋಸುತ್ತಾರೆ. ಪುಡಿಯಿಂದ 4 ಲೀಟರ್ ತಯಾರಿಸುವ ಕ್ರಮ ಹೀಗಿದೆ:

1. ಕುದಿಸುವುದು: ಸುಮಾರು 5 ಲೀಟರ್ ನೀರಿನಲ್ಲಿ 475 ಗ್ರಾಂ ಪುಡಿಯನ್ನು ಕರಗಿಸಿ, 8ರಿಂದ 10 ಗ್ರಾಂ ಹಾಪ್ಸ್ ಹಾಕಿ ಒಂದು ಗಂಟೆ ಕುದಿಸಬೇಕು. ಈ ಸಿಹಿ ದ್ರವಕ್ಕೆ ವರ್ಟ್ ಎಂದು ಹೆಸರು. ಮೊದಲ ಕುದಿಗೆ ನೊರೆ ಉಕ್ಕುವುದರಿಂದ ಪಾತ್ರೆ ದೊಡ್ಡದಿರಬೇಕು.
2. ತಣಿಸುವುದು: ಪಾತ್ರೆಯನ್ನು ಮಂಜುಗಡ್ಡೆಯ ನೀರಿನಲ್ಲಿಟ್ಟು ಬೇಗನೆ 20 ಡಿಗ್ರಿಗೆ ಇಳಿಸಬೇಕು.
3. ಯೀಸ್ಟ್ ಸೇರಿಸುವುದು: ವರ್ಟನ್ನು ಹುದುಗುಪಾತ್ರೆಗೆ ಸುರಿದು ಚೆನ್ನಾಗಿ ಕಲಕಿ, 2ರಿಂದ 3 ಗ್ರಾಂ ಒಣ ಯೀಸ್ಟ್ ಉದುರಿಸಬೇಕು. ಬಾಯಿಗೆ ಏರ್‌ಲಾಕ್ ಅಳವಡಿಸಿದರೆ ಇಂಗಾಲದ ಡೈಆಕ್ಸೈಡ್ ಹೊರಹೋಗುತ್ತದೆ, ಹೊರಗಿನ ಗಾಳಿ ಒಳಬರುವುದಿಲ್ಲ.
4. ಹುದುಗುವಿಕೆ: ಬೆಳಕು ಬೀಳದ ಜಾಗದಲ್ಲಿ ಸುಮಾರು ಎರಡು ವಾರ ಇಡಬೇಕು.
5. ಬಾಟಲಿಗೆ ತುಂಬುವುದು: ಲೀಟರಿಗೆ ಸುಮಾರು 6 ಗ್ರಾಂ ಸಕ್ಕರೆಯನ್ನು ಸ್ವಲ್ಪ ನೀರಿನಲ್ಲಿ ಕುದಿಸಿ ಆರಿಸಿ ಬೆರೆಸಿ, ಒತ್ತಡ ತಡೆಯುವ ಬಿಯರ್ ಬಾಟಲಿಗಳಿಗೆ ತುಂಬಿ ಮುಚ್ಚಬೇಕು. ಇನ್ನೆರಡು ವಾರಗಳಲ್ಲಿ ಅನಿಲ ಕೂಡಿಕೊಳ್ಳುತ್ತದೆ.

ಅಳತೆ ಮತ್ತು ಸುರಕ್ಷತೆ

ಹುದುಗುವಿಕೆ ಮುಗಿಯಿತೆಂಬುದಕ್ಕೆ ಗುಳ್ಳೆ ನಿಂತುದೇ ಸಾಕ್ಷಿಯಲ್ಲ. ಹೈಡ್ರೋಮೀಟರಿನಿಂದ ಸಾಪೇಕ್ಷ ಸಾಂದ್ರತೆಯನ್ನು ಅಳೆದು, ಎರಡು ಮೂರು ದಿನಗಳ ಅಂತರದಲ್ಲಿ ಅದು ಬದಲಾಗಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಆತುರದಿಂದ ಬಾಟಲಿಗೆ ತುಂಬಿದರೆ ಉಳಿದ ಸಕ್ಕರೆ ಒಳಗೇ ಹುದುಗಿ, ಒತ್ತಡದಿಂದ ಗಾಜು ಸಿಡಿದು ಗಾಯವಾಗಬಹುದು. ಈ ಹವ್ಯಾಸದ ಬಹು ದೊಡ್ಡ ಅಪಾಯಗಳಲ್ಲಿ ಇದೂ ಒಂದು. ಆರಂಭದ ಮತ್ತು ಅಂತ್ಯದ ಅಳತೆಗಳ ವ್ಯತ್ಯಾಸವನ್ನು 131ರಿಂದ ಗುಣಿಸಿದರೆ ಮದ್ಯಸಾರದ ಅಂದಾಜು ಶೇಕಡಾವಾರು ದೊರೆಯುತ್ತದೆ. 1.044ರಿಂದ 1.011ಕ್ಕೆ ಇಳಿದರೆ ಅದು ಸುಮಾರು 4.3.

ಕುದಿಯುವಾಗ ಸೂಕ್ಷ್ಮಜೀವಿಗಳು ಸಾಯುತ್ತವೆ. ತಣಿದ ಮೇಲೆ ಮುಟ್ಟುವ ಪ್ರತಿಯೊಂದು ಸಾಧನವನ್ನೂ ಮೊದಲು ತೊಳೆದು, ಬಳಿಕ ಸೂಕ್ಷ್ಮಜೀವಿನಾಶಕ ದ್ರಾವಣದಲ್ಲಿ ಅದ್ದಬೇಕು. ಕೊಳೆ ಉಳಿದಲ್ಲಿ ದ್ರಾವಣ ಕೆಲಸ ಮಾಡದು. ಇಡ್ಲಿ ಹಿಟ್ಟನ್ನು ಹುಳಿಯಾಗಿಸುವ ಲ್ಯಾಕ್ಟಿಕ್ ಆಮ್ಲ ಬ್ಯಾಕ್ಟೀರಿಯಾಗಳು ಅಲ್ಲಿ ಉಪಕಾರಿಗಳು, ಸಾಮಾನ್ಯ ಬಿಯರಿನಲ್ಲಿ ಕೇಡುಗಾರರು.

ಸಾಮಾನ್ಯ ದೋಷಗಳು

ಹುಳಿ ರುಚಿ ಸೋಂಕಿನ ಗುರುತು. ಬೆಣ್ಣೆಯ ವಾಸನೆ ಬಹುಪಾಲು ಯೀಸ್ಟ್ ತನ್ನ ಕೆಲಸ ಮುಗಿಸುವ ಮುನ್ನ ಅವಸರಿಸಿದ್ದರ ಫಲ. ಉಷ್ಣತೆ ಮೀರಿದರೆ ತೀಕ್ಷ್ಣವಾದ ಮದ್ಯಸಾರದ ಘಾಟು ಬರುತ್ತದೆ. ಬಿಸಿಲು ತಾಗಿದರೆ ಹಾಪ್ಸ್‌ನ ಕಹಿ ಅಂಶಗಳು ಕೆಟ್ಟು ದುರ್ವಾಸನೆ ಹುಟ್ಟುತ್ತದೆ. ಕಂದು ಬಣ್ಣದ ಬಾಟಲಿಗಳ ಬಳಕೆಗೆ ಇದೇ ಕಾರಣ.

ಭಾರತದಲ್ಲಿ ಕಾನೂನು

ಸಂವಿಧಾನದ ಏಳನೆಯ ಅನುಸೂಚಿಯ ಪ್ರಕಾರ ಮಾದಕ ಪಾನೀಯಗಳ ತಯಾರಿಕೆಯು ರಾಜ್ಯಪಟ್ಟಿಗೆ ಸೇರಿದೆ. ಗುಜರಾತ್, ಬಿಹಾರಗಳಲ್ಲಿ ಪಾನನಿಷೇಧವಿದೆ. ಕರ್ನಾಟಕದಲ್ಲಿ 1965ರ ಅಬಕಾರಿ ಅಧಿನಿಯಮದನ್ವಯ ಪರವಾನಗಿಯಿಲ್ಲದ ತಯಾರಿಕೆ ಅಪರಾಧ. ಬೆಂಗಳೂರಿನ ಕಿರು ಬ್ರೂವರಿಗಳು ಪರವಾನಗಿ ಪಡೆದು ನಡೆಯುವ ಉದ್ದಿಮೆಗಳು. ಅವುಗಳಿಗಿರುವ ಅನುಮತಿ ಮನೆಯ ತಯಾರಿಕೆಗೆ ಅನ್ವಯಿಸದು. ಹೊರದೇಶಗಳಲ್ಲಿ ನೆಲೆಸಿದವರಿಗೂ ಆಯಾ ದೇಶದ ನಿಯಮಗಳು ಅನ್ವಯಿಸುತ್ತವೆ. ಉದಾಹರಣೆಗೆ, ಜಪಾನಿನಲ್ಲಿ ಶೇ. 1 ಅಥವಾ ಅದಕ್ಕಿಂತ ಹೆಚ್ಚು ಮದ್ಯಸಾರವಿರುವ ಪಾನೀಯವನ್ನು ಪರವಾನಗಿಯಿಲ್ಲದೆ ಮನೆಯಲ್ಲಿ ಹುದುಗಿಸುವಂತಿಲ್ಲ. ಬಿಯರ್ ತಯಾರಿಕೆಗೆ ಅವಕಾಶವಿರುವ ಅಮೇರಿಕ, ಬ್ರಿಟನ್ನುಗಳಲ್ಲಿಯೂ ಅದನ್ನು ಬಟ್ಟಿಯಿಳಿಸಿ ಮದ್ಯ ಮಾಡಲು ಅನುಮತಿಯಿಲ್ಲ.