ವಿಮಾನ ಕಂಪನಿ ‘ಪರಿಹಾರ ಕೊಡಲ್ಲ’ ಎಂದರೆ ಮುಂದೇನು? ಫಾರ್ವರ್ಡ್‌ಗಳಲ್ಲಿ ಬರುವುದು ಎಷ್ಟು ನಿಜ?

‘ವಿಮಾನ ಎರಡು ಗಂಟೆ ತಡವಾದರೆ 10,000 ರೂಪಾಯಿ ಪರಿಹಾರ ಸಿಗುತ್ತದೆ’ ಎಂಬರ್ಥದ ಸಂದೇಶಗಳು ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಬರುತ್ತವೆ. ಇನ್ನೊಂದು ಕಡೆ, ಕಂಪನಿಯಿಂದ ‘ಕ್ಷಮಿಸಿ, ಪರಿಹಾರ ಅನ್ವಯಿಸುವುದಿಲ್ಲ’ ಎಂಬ ಒಂದು ಸಾಲಿನ ಇಮೇಲ್ ಬಂದ ತಕ್ಷಣ ಕೈಚೆಲ್ಲುವವರೂ ಇದ್ದಾರೆ. ಎರಡೂ ತಪ್ಪು. ಫಾರ್ವರ್ಡ್ ಹೇಳುವಷ್ಟು ಸುಲಭವಾಗಿ ಹಣ ಬರುವುದಿಲ್ಲ, ಆದರೆ ಕಂಪನಿಯ ‘ಇಲ್ಲ’ ಎಂಬುದೇ ಕೊನೆಯ ಮಾತೂ ಅಲ್ಲ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದ ಜನ ಬೆಳಗಾವಿಯ ಸಾಂಬ್ರಾದಿಂದಲೂ ಹಾರುತ್ತಾರೆ, ಗಡಿ ದಾಟಿ ಕೊಲ್ಹಾಪುರ, ಪುಣೆ, ಗೋವಾದಿಂದಲೂ ಹಾರುತ್ತಾರೆ. ಈ ಬರಹ ಅವರಿಗಾಗಿ.

ತಡವಾದರೆ ಹಣ ಸಿಗುತ್ತದೆಯೇ?

ದೇಶದೊಳಗಿನ ವಿಮಾನಗಳಿಗೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, 2010ರಲ್ಲಿ ನಿಯಮ ಮಾಡಿದೆ. ನಂತರ ಕೆಲವು ಬಾರಿ ತಿದ್ದುಪಡಿಯೂ ಆಗಿದೆ. ಈ ನಿಯಮ ಮೂರು ಸಂದರ್ಭಗಳನ್ನು ಬೇರೆ ಬೇರೆಯಾಗಿ ನೋಡುತ್ತದೆ.

ವಿಮಾನ ತಡವಾದರೆ: ನಗದು ಪರಿಹಾರ ಇಲ್ಲ. ಪ್ರಯಾಣದ ಅವಧಿ ಎರಡೂವರೆ ಗಂಟೆಯೊಳಗಿನ ವಿಮಾನ ಎರಡು ಗಂಟೆ ತಡವಾದರೆ ಊಟ, ತಿಂಡಿ ಕೊಡಬೇಕು. ಆರು ಗಂಟೆಗಿಂತ ಹೆಚ್ಚು ತಡವಾಗುವುದಾದರೆ ಬೇರೆ ವಿಮಾನ ಅಥವಾ ಪೂರ್ತಿ ಹಣ ವಾಪಸ್, ಇವೆರಡರಲ್ಲಿ ಒಂದನ್ನು ಪ್ರಯಾಣಿಕರು ಆರಿಸಬಹುದು. 24 ಗಂಟೆ ಮೀರಿದರೆ ಹೋಟೆಲ್ ಕೊಡಬೇಕು. ರಾತ್ರಿ 8ರಿಂದ ಬೆಳಗಿನ ಜಾವ 3ರ ನಡುವೆ ಹೊರಡಬೇಕಿದ್ದ ವಿಮಾನ ಆರು ಗಂಟೆಗಿಂತ ಹೆಚ್ಚು ತಡವಾದರೂ ಹೋಟೆಲ್ ಕೊಡಬೇಕು.

ವಿಮಾನ ರದ್ದಾದರೆ: ಟಿಕೆಟ್ ಹಣ ವಾಪಸ್ ಅಥವಾ ಬೇರೆ ವಿಮಾನ ಸಿಗಬೇಕು. ಹೊರಡುವ 24 ಗಂಟೆ ಮೊದಲಿನವರೆಗೂ ನಿಮಗೆ ತಿಳಿಸದೇ ಇದ್ದರೆ, ಅದರ ಮೇಲೆ ಪರಿಹಾರವೂ ಉಂಟು.

ಟಿಕೆಟ್ ಖಚಿತವಾಗಿದ್ದು, ಸಮಯಕ್ಕೆ ಬಂದಿದ್ದರೂ ಸೀಟಿಲ್ಲ ಎಂದು ಹತ್ತಿಸದಿದ್ದರೆ: ಒಂದು ಗಂಟೆಯೊಳಗೆ ಹೊರಡುವ ಬೇರೆ ವಿಮಾನ ಕೊಟ್ಟರೆ ಪರಿಹಾರ ಇಲ್ಲ. 24 ಗಂಟೆಯೊಳಗಿನ ವಿಮಾನವಾದರೆ ಮೂಲ ದರ ಮತ್ತು ಇಂಧನ ಶುಲ್ಕದ ಎರಡು ಪಟ್ಟು, ಗರಿಷ್ಠ 10,000 ರೂ. ಅದಕ್ಕೂ ತಡವಾದರೆ ನಾಲ್ಕು ಪಟ್ಟು, ಗರಿಷ್ಠ 20,000 ರೂ.

ಮೂರು ಗಂಟೆ ತಡಕ್ಕೆ ದೊಡ್ಡ ಮೊತ್ತ ಎಂಬ ಮಾತು ಯುರೋಪಿನದು. ಅಲ್ಲಿನ ಕಾನೂನಿನಲ್ಲಿ 250ರಿಂದ 600 ಯುರೋವರೆಗೆ ಪರಿಹಾರವಿದೆ. ಅದು ಯುರೋಪಿನಿಂದ ಹೊರಡುವ ವಿಮಾನಗಳಿಗೆ ಮತ್ತು ಅಲ್ಲಿಗೆ ಹೋಗುವ ಯುರೋಪಿನ ಕಂಪನಿಗಳ ವಿಮಾನಗಳಿಗೆ ಅನ್ವಯ. ಸಾಂಬ್ರಾದಿಂದ ಬೆಂಗಳೂರಿಗೆ ಹೋಗುವವರಿಗಲ್ಲ.

ರದ್ದಾದರೆ ಎಲ್ಲರಿಗೂ 10,000 ರೂಪಾಯಿಯೇ?

ಅಲ್ಲ. ಪ್ರಯಾಣದ ಅವಧಿ ಒಂದು ಗಂಟೆಯೊಳಗಿದ್ದರೆ 5,000, ಒಂದರಿಂದ ಎರಡು ಗಂಟೆಯಾದರೆ 7,500, ಎರಡು ಗಂಟೆ ಮೀರಿದರೆ 10,000 ರೂಪಾಯಿ. ಆದರೆ ಇದರ ಜೊತೆ ಇನ್ನೊಂದು ಷರತ್ತಿದೆ. ಈ ಮೊತ್ತ ಅಥವಾ ಒಂದು ಕಡೆಯ ಮೂಲ ದರ ಮತ್ತು ಇಂಧನ ಶುಲ್ಕ, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ಕೊಟ್ಟರೆ ಸಾಕು.

ಉದಾಹರಣೆಗೆ, ಬೆಳಗಾವಿ–ಬೆಂಗಳೂರು ಪ್ರಯಾಣ ಒಂದು ಗಂಟೆಗಿಂತ ಸ್ವಲ್ಪ ಹೆಚ್ಚು. ಅಂದರೆ 7,500 ರೂಪಾಯಿಯ ಹಂತ. ನಿಮ್ಮ ಟಿಕೆಟ್‌ನ ಮೂಲ ದರ ಮತ್ತು ಇಂಧನ ಶುಲ್ಕ ಸೇರಿ 3,200 ರೂ. ಇದ್ದರೆ, ಪರಿಹಾರವೂ 3,200 ರೂ. ಮಾತ್ರ. ಟಿಕೆಟ್ ಹಣ ವಾಪಸ್ ಬರುವುದು ಇದಕ್ಕಿಂತ ಬೇರೆ.

ಪರಿಹಾರವನ್ನು ನಗದಾಗಿ ಅಥವಾ ಬ್ಯಾಂಕ್ ಖಾತೆಗೆ ಕೊಡಬೇಕು. ವೋಚರ್ ಕೊಡುವುದಾದರೆ ನಿಮ್ಮ ಸಹಿಯ ಒಪ್ಪಿಗೆ ಬೇಕು. ಆದ್ದರಿಂದ ‘ಇನ್ನು ಯಾವ ಬಾಕಿಯೂ ಇಲ್ಲ’ ಎಂಬ ಷರತ್ತಿನ ವೋಚರ್‌ಗೆ ಓದದೇ ಒಪ್ಪಬೇಡಿ.

ಕಂಪನಿ ಕೊಡುವ ಕಾರಣ ಸರಿಯೇ?

ಪರಿಹಾರ ನಿರಾಕರಿಸುವಾಗ ಸಾಮಾನ್ಯವಾಗಿ ಈ ಮೂರು ಕಾರಣಗಳಲ್ಲಿ ಒಂದನ್ನು ಹೇಳುತ್ತಾರೆ.

1. ‘ಅಸಾಧಾರಣ ಪರಿಸ್ಥಿತಿ’. ಪ್ರವಾಹ, ನೈಸರ್ಗಿಕ ವಿಕೋಪ, ಗಲಭೆ, ಮುಷ್ಕರ, ಸರ್ಕಾರದ ಆದೇಶ, ಕೆಟ್ಟ ಹವಾಮಾನ, ಭದ್ರತೆಯ ಅಪಾಯ, ವಾಯು ಸಂಚಾರ ನಿಯಂತ್ರಣದ ತೊಂದರೆ ಇವೆಲ್ಲ ಇದರಲ್ಲಿ ಬರುತ್ತವೆ. ಇವು ನಿಜವಾಗಿದ್ದರೆ ಪರಿಹಾರ ಸಿಗದು. ದೆಹಲಿ–ಹೈದರಾಬಾದ್ ಪ್ರಯಾಣಿಕರೊಬ್ಬರು 2007ರ ಡಿಸೆಂಬರ್‌ನಲ್ಲಿ ಮಂಜಿನಿಂದಾಗಿ ಸುಮಾರು 11 ಗಂಟೆ ವಿಮಾನದೊಳಗೇ ಕೂರಬೇಕಾಯಿತು. 2011ರಲ್ಲಿ ಸುಪ್ರೀಂ ಕೋರ್ಟ್, ಮಂಜಿನ ತಡಕ್ಕೆ ಕಂಪನಿ ಪರಿಹಾರ ಕೊಡಬೇಕಿಲ್ಲ ಎಂದಿತು. ಆದರೆ ಅಂಥ ಹೊತ್ತಿನಲ್ಲಿ ಪ್ರಯಾಣಿಕರಿಗೆ ಕನಿಷ್ಠ ಸೌಲಭ್ಯ ನೀಡುವ ಹೊಣೆ ಕಡಿಮೆ ದರದ ಕಂಪನಿಗೂ ಇದೆ ಎಂದೂ ಹೇಳಿತು.

2. ‘ತಾಂತ್ರಿಕ ದೋಷ’ ಅಥವಾ ‘ಕಾರ್ಯಾಚರಣೆಯ ಕಾರಣ’. ಈ ಪದಗಳು ನಿಯಮದ ಪಟ್ಟಿಯಲ್ಲಿ ಇಲ್ಲ. ‘ಕಂಪನಿಯ ಹತೋಟಿ ಮೀರಿದ ಇತರ ಕಾರಣ’ ಎಂಬ ಸಾಲಿನೊಳಗೆ ಇವನ್ನೂ ಸೇರಿಸಲು ನೋಡುತ್ತಾರೆ. ಹತೋಟಿ ಮೀರಿತ್ತು ಎಂಬುದನ್ನು ತೋರಿಸಬೇಕಾದವರು ಯಾರು? 2021ರಲ್ಲಿ ರೈಲು ನಾಲ್ಕು ಗಂಟೆ ತಡವಾಗಿ ಪ್ರಯಾಣಿಕರಿಗೆ ವಿಮಾನ ತಪ್ಪಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ತಡಕ್ಕೆ ಕಾರಣವನ್ನು ರೈಲ್ವೆಯೇ ಸಾಬೀತು ಮಾಡಬೇಕು, ಇಲ್ಲವಾದರೆ ಪರಿಹಾರ ಕೊಡಬೇಕು ಎಂದಿತು. ಅದು ರೈಲಿನ ಪ್ರಕರಣವೇ ಆದರೂ, ಗ್ರಾಹಕ ಆಯೋಗದಲ್ಲಿ ವಿಮಾನ ಕಂಪನಿಗೂ ಇದೇ ಪ್ರಶ್ನೆ ಕೇಳಬಹುದು.

3. ‘ನಿಮಗೆ ಮೊದಲೇ ಮೆಸೇಜ್ ಕಳಿಸಿದ್ದೆವು’. ನಮ್ಮ ಕಡೆ ಟಿಕೆಟ್ ತೆಗೆಸುವುದು ಹೆಚ್ಚಾಗಿ ಏಜೆಂಟರ ಮೂಲಕ. ಏಜೆಂಟರು ತಮ್ಮದೇ ಮೊಬೈಲ್ ನಂಬರ್ ಹಾಕಿದ್ದರೆ ಮೆಸೇಜ್ ಅವರಿಗೆ ಹೋಗುತ್ತದೆ. ಸಂಪರ್ಕದ ವಿವರ ಸರಿಯಾಗಿ ಕೊಡದವರಿಗೆ ಪರಿಹಾರ ಇಲ್ಲ ಎಂದು ನಿಯಮದಲ್ಲೇ ಇದೆ. ಟಿಕೆಟ್ ತೆಗೆಸುವಾಗಲೇ ‘ನನ್ನ ನಂಬರ್ ಹಾಕ್ರಿ’ ಎಂದು ಹೇಳಿ, ಟಿಕೆಟ್ ನೋಡಿ ಖಚಿತಪಡಿಸಿಕೊಳ್ಳಿ.

ಕಾರಣವನ್ನು ಪರೀಕ್ಷಿಸುವುದು ಯಾಕೆ ಮುಖ್ಯ ಎಂಬುದಕ್ಕೆ 2025ರ ಡಿಸೆಂಬರ್ ಸಾಕ್ಷಿ. ಆಗ ಇಂಡಿಗೋದ ಸಾವಿರಾರು ವಿಮಾನಗಳು ರದ್ದಾದವು. ಹುಬ್ಬಳ್ಳಿಯ ಆರತಕ್ಷತೆಯೊಂದಕ್ಕೆ ವಧೂವರರು ವಿಡಿಯೋದಲ್ಲೇ ಹಾಜರಾಗಬೇಕಾಯಿತು. ಪೈಲಟ್‌ಗಳ ವಿಶ್ರಾಂತಿ ನಿಯಮದ ಎರಡನೇ ಹಂತ ನವೆಂಬರ್ 1ರಿಂದ ಜಾರಿಯಾಗಿತ್ತು. ಅದು ಮೊದಲೇ ಗೊತ್ತಿದ್ದ ನಿಯಮ, ಮಂಜಿನಂತೆ ಹಠಾತ್ತನೆ ಬಂದದ್ದಲ್ಲ. 24 ಗಂಟೆಯೊಳಗೆ ರದ್ದಾದ ಪ್ರಯಾಣಗಳಿಗೆ ನಿಯಮದಂತೆ 5,000ದಿಂದ 10,000 ರೂ. ಪರಿಹಾರ, ತೀವ್ರ ತೊಂದರೆಗೆ ಸಿಲುಕಿದವರಿಗೆ ಅದರ ಮೇಲೆ 10,000 ರೂಪಾಯಿಯ ವೋಚರ್ ಕೊಡುವುದಾಗಿ ಕಂಪನಿಯೇ ಪ್ರಕಟಿಸಿತು.

ರಸ್ತೆ ಬಂದ್ ಆಗಿ ವಿಮಾನ ತಪ್ಪಿದರೆ?

2019 ಮತ್ತು 2021ರಲ್ಲಿ ವೇದಗಂಗಾ ಉಕ್ಕಿ ನಿಪ್ಪಾಣಿ ಬಳಿಯ ಯಮಗರ್ಣಿಯಲ್ಲಿ ರಾಷ್ಟ್ರೀಯ ಹೆದ್ದಾರಿ ಬಂದ್ ಆಗಿತ್ತು. ಹೀಗೆ ನೀವು ತಲುಪದೇ ವಿಮಾನ ಹೊರಟುಹೋದರೆ ಕಂಪನಿ ಪರಿಹಾರ ಕೊಡಬೇಕಿಲ್ಲ. ಆದರೂ ಟಿಕೆಟ್‌ನಲ್ಲಿರುವ ಸರ್ಕಾರಿ ತೆರಿಗೆ ಮತ್ತು ವಿಮಾನ ನಿಲ್ದಾಣ ಬಳಕೆ ಶುಲ್ಕವನ್ನು ವಾಪಸ್ ಕೇಳಬಹುದು. ‘ನಾನ್ ರಿಫಂಡಬಲ್’ ಟಿಕೆಟ್‌ಗೂ ಇದು ಅನ್ವಯ.

ಕಂಪನಿ ನಿರಾಕರಿಸಿದ ಮೇಲೆ ಏನು ಮಾಡಬೇಕು?

ಹಂತ 1: ಕಾರಣವನ್ನು ಬರಹದಲ್ಲಿ ಪಡೆಯಿರಿ. ಫೋನಿನಲ್ಲಿ ಹೇಳಿದ್ದಕ್ಕೆ ದಾಖಲೆ ಇರುವುದಿಲ್ಲ. ‘ಯಾವ ನಿಯಮದ ಪ್ರಕಾರ, ಯಾವ ಕಾರಣಕ್ಕೆ ನಿರಾಕರಿಸಿದ್ದೀರಿ’ ಎಂದು ಇಮೇಲ್‌ನಲ್ಲಿ ಕೇಳಿ. ಟಿಕೆಟ್, ಬೋರ್ಡಿಂಗ್ ಪಾಸ್, ಬಂದ ಮೆಸೇಜ್‌ಗಳು, ನಿಲ್ದಾಣದ ಬೋರ್ಡಿನ ಫೋಟೋ, ಟ್ಯಾಕ್ಸಿ ಮತ್ತು ಲಾಡ್ಜ್ ಬಿಲ್ ಎಲ್ಲ ಎತ್ತಿಡಿ. ಹವಾಮಾನ ಕೆಟ್ಟಿತ್ತು ಎಂದಿದ್ದರೆ, ಅದೇ ಹೊತ್ತಿಗೆ ಅದೇ ನಿಲ್ದಾಣದಿಂದ ಬೇರೆ ವಿಮಾನಗಳು ಹೊರಟವೇ ಎಂದು ನೋಡಿ, ಸ್ಕ್ರೀನ್‌ಶಾಟ್ ತೆಗೆದಿಡಿ.

ಹಂತ 2: ಕಂಪನಿಯೊಳಗೇ ಮೇಲಕ್ಕೆ ಹೋಗಿ. ಪ್ರತಿ ಕಂಪನಿಗೂ ನೋಡಲ್ ಅಧಿಕಾರಿ, ಅವರ ಮೇಲೆ ಮೇಲ್ಮನವಿ ಅಧಿಕಾರಿ ಇರುತ್ತಾರೆ. ಅವರ ಇಮೇಲ್ ವಿಳಾಸ ಕಂಪನಿಯ ಅಧಿಕೃತ ವೆಬ್‌ಸೈಟ್‌ನಲ್ಲಿ ಸಿಗುತ್ತದೆ.

ಹಂತ 3: ಏರ್‌ಸೇವಾ. ಇದು ನಾಗರಿಕ ವಿಮಾನಯಾನ ಸಚಿವಾಲಯ 2016ರಲ್ಲಿ ಆರಂಭಿಸಿದ ಪೋರ್ಟಲ್ ಮತ್ತು ಆ್ಯಪ್. ಇದು ಕೋರ್ಟ್ ಅಲ್ಲ. ಆದರೆ ಇಲ್ಲಿ ದೂರು ಹಾಕಿದರೆ ಕಂಪನಿ ಉತ್ತರ ಕೊಡಬೇಕಾಗುತ್ತದೆ, ಆ ಉತ್ತರ ಮುಂದೆ ದಾಖಲೆಯಾಗುತ್ತದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ಕರೆ ಮಾಡಬಹುದು, ಕನ್ನಡದಲ್ಲೂ ಮಾತಾಡಬಹುದು.

ಹಂತ 4: ಜಿಲ್ಲಾ ಗ್ರಾಹಕ ಆಯೋಗ. ಆದೇಶ ಮಾಡುವ ಅಧಿಕಾರ ಇರುವುದು ಇಲ್ಲಿ. ಟಿಕೆಟ್ ಹಣ, ಖರ್ಚು, ಮಾನಸಿಕ ಕಿರುಕುಳಕ್ಕೆ ಪರಿಹಾರ, ಪ್ರಕರಣದ ವೆಚ್ಚ ಎಲ್ಲವನ್ನೂ ಕೇಳಬಹುದು. ಕೇಳಿದ್ದೆಲ್ಲ ಸಿಗುತ್ತದೆ ಎಂದಲ್ಲ. ಖರ್ಚಿಗೆ ಬಿಲ್ ಇದ್ದಷ್ಟು ಬಲ ಹೆಚ್ಚು.

ಕೊಲ್ಹಾಪುರದಿಂದ ಹಾರಿದರೆ ದೂರು ಅಲ್ಲೇ ಕೊಡಬೇಕೇ?

ಬೇಕಿಲ್ಲ. 2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇದನ್ನು ಸುಲಭ ಮಾಡಿದೆ. ದೂರು ಕೊಡುವವರು ವಾಸವಿರುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಚಿಕ್ಕೋಡಿ ಪ್ರತ್ಯೇಕ ಜಿಲ್ಲೆಯಾಗಬೇಕೆಂಬ ಬೇಡಿಕೆ ಹಳೆಯದು, ಆದರೆ ಈ ಐದೂ ತಾಲ್ಲೂಕುಗಳು ಈಗಿರುವುದು ಬೆಳಗಾವಿ ಜಿಲ್ಲೆಯಲ್ಲಿ. ಹಾಗಾಗಿ ಕಾಗವಾಡದವರು ಪುಣೆಯಲ್ಲಿ ವಿಮಾನ ಹತ್ತಿದ್ದರೂ ಬೆಳಗಾವಿಯ ಆಯೋಗಕ್ಕೆ ಹೋಗಬಹುದು. ಟಿಕೆಟ್‌ನಲ್ಲಿ ‘ದೆಹಲಿ ನ್ಯಾಯಾಲಯಕ್ಕೆ ಮಾತ್ರ’ ಎಂದು ಬರೆದಿದ್ದರೂ ಹೆದರಬೇಕಿಲ್ಲ. 2011ರ ಅದೇ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಅಂಥ ಷರತ್ತು ಹೈದರಾಬಾದಿನ ದೂರನ್ನು ತಡೆಯಲಾರದು ಎಂದಿತ್ತು.

ಕೊಟ್ಟ ಹಣ 5 ಲಕ್ಷ ರೂಪಾಯಿಯವರೆಗೆ ಇದ್ದರೆ ಶುಲ್ಕವೇ ಇಲ್ಲ. ವಕೀಲರು ಕಡ್ಡಾಯವಲ್ಲ. 2025ರ ಜನವರಿಯಲ್ಲಿ ಆರಂಭವಾದ ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ದೂರು ಹಾಕಬಹುದು, ವಿಡಿಯೋ ಮೂಲಕ ವಿಚಾರಣೆಗೆ ಮನವಿ ಮಾಡಬಹುದು. ಬರೆಯಲು ನೆರವು ಬೇಕಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿ ಅಥವಾ 15100ಕ್ಕೆ ಕರೆ ಮಾಡಿ.

ಅವಧಿ ಮಾತ್ರ ಮರೆಯಬೇಡಿ: ಘಟನೆಯಾದ ಎರಡು ವರ್ಷದೊಳಗೆ ದೂರು ದಾಖಲಾಗಬೇಕು. ಕಂಪನಿಗೆ ಇಮೇಲ್ ಮಾಡುತ್ತಾ ಕುಳಿತರೂ ಈ ಗಡುವು ನಿಲ್ಲುವುದಿಲ್ಲ. ಮೂರು ತಿಂಗಳಲ್ಲಿ ತೀರ್ಮಾನಿಸಲು ಪ್ರಯತ್ನಿಸಬೇಕು ಎಂದು ಕಾಯ್ದೆ ಹೇಳಿದರೂ, ಹೆಚ್ಚು ಸಮಯ ಹಿಡಿಯಬಹುದು ಎಂಬುದು ತಿಳಿದಿರಲಿ.

ನಕಲಿ ‘ಕಸ್ಟಮರ್ ಕೇರ್’ ಬಗ್ಗೆ ಎಚ್ಚರ

ಪರಿಹಾರ ಸಿಗದೆ ಸಿಟ್ಟಿನಲ್ಲಿರುವವರು ಗೂಗಲ್‌ನಲ್ಲಿ ‘ರಿಫಂಡ್ ನಂಬರ್’ ಹುಡುಕುತ್ತಾರೆ. ವಂಚಕರು ಕಾಯುವುದೂ ಅಲ್ಲೇ. ಹಣ ವಾಪಸ್ ಬರಲು ಒಟಿಪಿ, ಯುಪಿಐ ಪಿನ್ ಬೇಕಾಗುವುದಿಲ್ಲ, ಸ್ಕ್ರೀನ್ ಶೇರ್ ಮಾಡುವ ಆ್ಯಪ್ ಹಾಕಿಕೊಳ್ಳಬೇಕಾಗಿಯೂ ಇಲ್ಲ. ಇವುಗಳಲ್ಲಿ ಯಾವುದನ್ನು ಕೇಳಿದರೂ ಫೋನ್ ಇಟ್ಟುಬಿಡಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಗುಂಪಿಗೆ ಕಳಿಸಬಹುದಾದ ಸಾರಾಂಶ

• ತಡವಾದರೆ ಊಟ, ಹೋಟೆಲ್ ಅಥವಾ ಹಣ ವಾಪಸ್. ನಗದು ಪರಿಹಾರ ಇಲ್ಲ.
• 24 ಗಂಟೆ ಮೊದಲು ತಿಳಿಸದೇ ರದ್ದಾದರೆ 5,000, 7,500 ಅಥವಾ 10,000 ರೂ. ಮೂಲ ದರ ಮತ್ತು ಇಂಧನ ಶುಲ್ಕ ಅದಕ್ಕಿಂತ ಕಡಿಮೆಯಿದ್ದರೆ ಅಷ್ಟೇ.
• ಮಂಜು, ಪ್ರವಾಹದಂಥ ಕಾರಣ ನಿಜವಾಗಿದ್ದರೆ ಪರಿಹಾರ ಇಲ್ಲ.
• ನಿರಾಕರಿಸಿದ ಕಾರಣ ಬರಹದಲ್ಲಿ ಪಡೆಯಿರಿ. ನೋಡಲ್ ಅಧಿಕಾರಿ, ಏರ್‌ಸೇವಾ, 1915, ಕೊನೆಗೆ ಬೆಳಗಾವಿಯ ಗ್ರಾಹಕ ಆಯೋಗ.
• ಗಡುವು ಎರಡು ವರ್ಷ. 5 ಲಕ್ಷದವರೆಗೆ ಶುಲ್ಕ ಇಲ್ಲ.