ಪೂಂಗ್ಲಿ ಸೇತುವೆ: ಆಕಾಶದಿಂದ ಇಳಿದವರು, ನೆಲದಲ್ಲಿ ಹೆಗಲು ಕೊಟ್ಟವರು

ಊರ ಮುಂದಿನ ಸೇತುವೆ ಕುಸಿದರೆ ಏನಾಗುತ್ತದೆ ಎಂದು ಹಳ್ಳಿಯವರಿಗೆ ಹೇಳಿಕೊಡಬೇಕಿಲ್ಲ. ಬಸ್ಸು ಬರುವುದಿಲ್ಲ, ಹಾಲಿನ ಗಾಡಿ ಬರುವುದಿಲ್ಲ, ಆಸ್ಪತ್ರೆ ದೂರವಾಗುತ್ತದೆ. ಯುದ್ಧದಲ್ಲೂ ಹಾಗೆಯೇ. ಸೇತುವೆ ಯಾರ ಕೈಯಲ್ಲಿದೆಯೋ ದಾರಿ ಅವರದು. 1971ರಲ್ಲಿ ಇಂಥದ್ದೇ ಒಂದು ಸೇತುವೆಗಾಗಿ ನಮ್ಮ ಸೈನಿಕರು ವಿಮಾನದಿಂದ ಜಿಗಿದರು.

ಇಂದಿನ ಬಾಂಗ್ಲಾದೇಶ ಆಗ ಪೂರ್ವ ಪಾಕಿಸ್ತಾನ. ಹೆಜ್ಜೆಗೊಂದು ನದಿ, ಕಾಲುವೆ ಇರುವ ನಾಡು. ಡಿಸೆಂಬರ್ 3ರಂದು ಯುದ್ಧ ಶುರುವಾಗಿ ವಾರ ಕಳೆಯುವಷ್ಟರಲ್ಲಿ, ಉತ್ತರದ ಮೈಮನ್‌ಸಿಂಗ್, ಜಮಾಲ್‌ಪುರ ಕಡೆಯಿದ್ದ ಪಾಕಿಸ್ತಾನದ 93ನೇ ಬ್ರಿಗೇಡ್ ಢಾಕಾಕ್ಕೆ ಹಿಂದೆ ಸರಿಯತೊಡಗಿತು. ಅದು ಪೂರ್ತಿಯಾಗಿ ರಾಜಧಾನಿ ಸೇರಿಕೊಂಡರೆ ಢಾಕಾದ ಕಾವಲು ಗಟ್ಟಿಯಾಗುತ್ತಿತ್ತು. ಅವರ ದಾರಿಯಲ್ಲಿ, ಟಾಂಗೈಲ್ ಬಳಿ, ಲೋಹಾಜಂಗ್ ನದಿಗೆ ಪೂಂಗ್ಲಿ ಸೇತುವೆ ಇತ್ತು. ಅದನ್ನು ಹಿಡಿದರೆ ದಾರಿ ಬಂದ್.

ಡಿಸೆಂಬರ್ 11ರ ಸಂಜೆ ಎಎನ್-12, ಪ್ಯಾಕೆಟ್, ಡಕೋಟಾ, ಕ್ಯಾರಿಬೂ ವಿಮಾನಗಳು ಟಾಂಗೈಲ್ ಮೇಲೆ ಬಂದವು. ಲೆಫ್ಟಿನೆಂಟ್ ಕರ್ನಲ್ ಕುಲವಂತ್ ಸಿಂಗ್ ಪನ್ನು ನೇತೃತ್ವದ 2 ಪ್ಯಾರಾ ಬೆಟಾಲಿಯನ್ನಿನ ಸುಮಾರು 700 ಜನ ಪ್ಯಾರಾಚೂಟ್ ಕಟ್ಟಿಕೊಂಡು ಕೆಳಗೆ ಹಾರಿದರು. ಜನ ಒಂದು ಕಡೆ, ಸಾಮಾನು ಒಂದು ಕಡೆ ಚೆಲ್ಲಾಪಿಲ್ಲಿಯಾಗಿ ಬಿದ್ದವು.

ಆಗ ಹೆಗಲು ಕೊಟ್ಟವರು ಆ ಹಳ್ಳಿಗಳ ಜನ. ಗದ್ದೆ, ಕೆರೆಗಳಲ್ಲಿ ಬಿದ್ದ ಮದ್ದುಗುಂಡಿನ ಪೆಟ್ಟಿಗೆಗಳನ್ನು ಹೊತ್ತು ತಂದರು, ದಾರಿ ತೋರಿಸಿದರು. ಆ ಸೀಮೆಯಲ್ಲಿ ಕಾದಿರ್ ಸಿದ್ದಿಕಿಯ ಮುಕ್ತಿವಾಹಿನಿ ಪಡೆ ಬಲವಾಗಿತ್ತು. ಭಾರತದ ಸೇನಾಧಿಕಾರಿಯೊಬ್ಬರು ಮುಂಚೆಯೇ ಒಳಹೊಕ್ಕು ಅವರೊಂದಿಗೆ ಸೇರಿ ತಯಾರಿ ನಡೆಸಿದ್ದರು.

ಕತ್ತಲಾಗುವ ಹೊತ್ತಿಗೆ ಸೇತುವೆ ನಮ್ಮವರ ಕೈಸೇರಿತು. ಹಿಂದೆ ಸರಿಯುತ್ತಿದ್ದ ಪಾಕ್ ಪಡೆಗಳು ರಾತ್ರಿ ನುಗ್ಗಿ ಬಂದವು, ಆದರೂ ಸೇತುವೆ ಬಿಟ್ಟುಕೊಡಲಿಲ್ಲ. ಒಂದಷ್ಟು ಶತ್ರುಪಡೆ ಮೊದಲೇ ದಾಟಿಹೋಗಿತ್ತು ಎಂಬುದೂ ನಿಜ. ಉಳಿದವರು ಚದುರಿದರು. ಅವರ ಬ್ರಿಗೇಡಿಯರ್ ಅಬ್ದುಲ್ ಖಾದಿರ್ ಖಾನ್ ಸೆರೆಸಿಕ್ಕರು.

ನೆಲದ ಮೇಲೆ ಬಂದು 2 ಪ್ಯಾರಾವನ್ನು ಕೂಡಿಕೊಂಡದ್ದು 1 ಮರಾಠಾ ಲಘು ಪದಾತಿ ದಳ. ನಮ್ಮ ಬೆಳಗಾವಿಯಲ್ಲಿ ತರಬೇತಿ ಕೇಂದ್ರವಿರುವ ಅದೇ ರೆಜಿಮೆಂಟ್. 2 ಪ್ಯಾರಾ ಕೂಡ ಮೂಲತಃ ಅದೇ ರೆಜಿಮೆಂಟಿನ ಬೆಟಾಲಿಯನ್. ಅಂದರೆ ಸೇತುವೆ ಬಳಿ ಸೇರಿದವರು ಒಂದೇ ಮನೆಯ ಅಣ್ಣತಮ್ಮಂದಿರು.

ಈ ಕೂಡಿಕೆ ಎಷ್ಟು ದೊಡ್ಡದು ಎಂದು ತಿಳಿಯಲು ಹಾಲೆಂಡಿನ ಆರ್ನೆಮ್ ನೋಡಬೇಕು. 1944ರ ಸೆಪ್ಟೆಂಬರ್ 17ರಂದು ಜರ್ಮನರ ಕೈಯಲ್ಲಿದ್ದ ಸೇತುವೆಗಳನ್ನು ಹಿಡಿಯಲು ಮಿತ್ರರಾಷ್ಟ್ರಗಳು ಸಾವಿರಾರು ಸೈನಿಕರನ್ನು ಇಳಿಸಿದವು. ಕೊನೆಯ ಸೇತುವೆ ಆರ್ನೆಮ್‌ನದು. ಅದರ ಒಂದು ತುದಿಯನ್ನು ಜಾನ್ ಫ್ರಾಸ್ಟ್ ನೇತೃತ್ವದ 700ಕ್ಕೂ ಹೆಚ್ಚು ಬ್ರಿಟಿಷರು ಹಿಡಿದರು. ಎರಡು ದಿನ ತಡೆದರೆ ಸಾಕು, ಟ್ಯಾಂಕುಗಳು ಬರುತ್ತವೆ ಎಂಬ ಲೆಕ್ಕವಿತ್ತು. ಮೂರು ದಿನ ದಾಟಿದರೂ ಬರಲಿಲ್ಲ. ಸುಮಾರು 100 ಕಿ.ಮೀ. ದೂರದ ಒಂದೇ ಕಿರಿದಾದ ರಸ್ತೆಯಲ್ಲಿ ಅವು ಸಿಕ್ಕಿಕೊಂಡಿದ್ದವು. ನೆರವಿಗೆ ಸಿದ್ಧರಿದ್ದ ಡಚ್ ಹೋರಾಟಗಾರರನ್ನು ಬ್ರಿಟಿಷರು ಪೂರ್ತಿ ನಂಬಿರಲಿಲ್ಲ. ಆರ್ನೆಮ್‌ಗೆ ಹೋದ ಸುಮಾರು 10,000 ಜನರಲ್ಲಿ ನದಿ ದಾಟಿ ವಾಪಸಾದವರು ಸುಮಾರು ಕಾಲು ಭಾಗ.

ಧೈರ್ಯದಲ್ಲಿ ಫ್ರಾಸ್ಟ್‌ನ ಸೈನಿಕರು ಯಾರಿಗೂ ಕಡಿಮೆಯಿರಲಿಲ್ಲ. ವ್ಯತ್ಯಾಸವಾದದ್ದು ಎರಡರಲ್ಲಿ: ಹಿಂದಿನಿಂದ ಬರಬೇಕಾದವರು ಹೊತ್ತಿಗೆ ಬಂದರೋ, ಅಲ್ಲಿನ ಜನರನ್ನು ನಂಬಿದರೋ ಎಂಬುದರಲ್ಲಿ.

ಡಿಸೆಂಬರ್ 16ರ ಬೆಳಿಗ್ಗೆ 2 ಪ್ಯಾರಾ ಸೈನಿಕರು ಢಾಕಾ ಅಂಚಿನ ಇನ್ನೊಂದು ಸೇತುವೆಯಾದ ಮೀರ್‌ಪುರದಲ್ಲಿದ್ದರು. ಅಂದೇ ಪಾಕಿಸ್ತಾನಿ ಸೇನೆ ಶರಣಾಯಿತು. ಯುದ್ಧದ ಪುಸ್ತಕಗಳಲ್ಲಿ ಸೇನಾಪತಿಗಳ ಹೆಸರಿರುತ್ತದೆ. ಟಾಂಗೈಲ್ ಗದ್ದೆಗಳಲ್ಲಿ ಪೆಟ್ಟಿಗೆ ಹೊತ್ತವರ ಹೆಸರು ಹೆಚ್ಚಾಗಿ ಎಲ್ಲೂ ಬರೆದಿಲ್ಲ. ಆ ಸೇತುವೆ ಉಳಿದದ್ದರಲ್ಲಿ ಅವರ ಪಾಲೂ ಇದೆ.