ತೆಕ್ಕಲಕೋಟೆಯ ನವಶಿಲಾಯುಗದ ವೃತ್ತಾಕಾರದ ಮನೆಗಳು

ನೆಲೆ ಮತ್ತು ಉತ್ಖನನ

ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ತಾಲ್ಲೂಕಿಗೆ ಸೇರಿದ ತೆಕ್ಕಲಕೋಟೆಯ ಗ್ರಾನೈಟ್ ಗುಡ್ಡಗಳು ನವಶಿಲಾಯುಗದ ಪ್ರಮುಖ ಜನವಸತಿ ನೆಲೆಗಳಾಗಿವೆ. 1963-64ರಲ್ಲಿ ಡಾ. ಎಂ.ಎಸ್. ನಾಗರಾಜರಾವ್ ಅವರು ಇಲ್ಲಿ ಉತ್ಖನನ ಕೈಗೊಂಡರು. ಅವರು ಮತ್ತು ಕೆ.ಸಿ. ಮಲ್ಹೋತ್ರ ಅವರು ಸಿದ್ಧಪಡಿಸಿದ ವರದಿಯು 1965ರಲ್ಲಿ ಪುಣೆಯ ಡೆಕ್ಕನ್ ಕಾಲೇಜಿನಿಂದ ಪ್ರಕಟವಾಯಿತು. ಇಂಗಾಲ-14 ಕಾಲನಿರ್ಣಯದಂತೆ ಇಲ್ಲಿನ ವಸತಿಯು ಕ್ರಿ.ಪೂ. ಎರಡನೆಯ ಸಹಸ್ರಮಾನಕ್ಕೆ ಸೇರಿದುದಾಗಿದೆ.

ಮನೆಗಳ ರಚನೆ

ಬಂಡೆಗಳ ನಡುವಿನ ಇಳಿಜಾರನ್ನು ಸಮತಟ್ಟುಗೊಳಿಸಿ ಮನೆಗಳನ್ನು ಕಟ್ಟಲಾಗುತ್ತಿತ್ತು. ನೆಲವನ್ನು ಗಟ್ಟಿಗೊಳಿಸಿ, ಸುತ್ತಲೂ ಕಲ್ಲುಗಳನ್ನು ವೃತ್ತಾಕಾರವಾಗಿ ಜೋಡಿಸಿ, ಮರದ ಕಂಬಗಳನ್ನು ನಿಲ್ಲಿಸಿ, ಬಿದಿರಿನ ತಡಿಕೆಗೆ ಮಣ್ಣು ಮೆತ್ತಿ ಗೋಡೆಯನ್ನು ಮಾಡಲಾಗುತ್ತಿತ್ತು. ಮೇಲೆ ಶಂಕುವಿನಾಕಾರದ ಹುಲ್ಲಿನ ಚಾವಣಿಯಿತ್ತು. ಮರ, ಬಿದಿರು ಮತ್ತು ಹುಲ್ಲು ಕಾಲಕ್ರಮದಲ್ಲಿ ನಶಿಸಿದ್ದು, ಕಲ್ಲಿನ ವೃತ್ತ ಹಾಗೂ ನೆಲಗಟ್ಟು ಮಾತ್ರ ಉಳಿದಿವೆ.

ಗೃಹಜೀವನ

ಒಲೆ, ಧಾನ್ಯ ಅರೆಯುವ ಕಲ್ಲು ಮತ್ತು ಕೈಯಿಂದ ಮಾಡಿದ ಬೂದುಬಣ್ಣದ ಮಡಕೆಗಳು ಅಂದಿನ ಗೃಹಜೀವನದ ಸಾಕ್ಷ್ಯಗಳಾಗಿವೆ. ಉಜ್ಜಿ ನಯಗೊಳಿಸಿದ ಕಲ್ಲಿನ ಕೊಡಲಿಗಳು, ಮೂಳೆಯ ಉಪಕರಣಗಳು ಹಾಗೂ ಚಿನ್ನದ ಆಭರಣವೂ ದೊರೆತಿವೆ. ಜನರು ದನ, ಆಡುಕುರಿಗಳನ್ನು ಸಾಕುತ್ತಿದ್ದರು. ಇಂದಿಗೂ ಈ ಸೀಮೆಯ ಅಡುಗೆಯಲ್ಲಿ ಬಳಕೆಯಲ್ಲಿರುವ ಹುರುಳಿಯ ಕಾಳುಗಳು ಉತ್ಖನನದಲ್ಲಿ ಲಭಿಸಿವೆ. ಮೃತ ಶಿಶುಗಳನ್ನು ಮಡಕೆಗಳಲ್ಲಿರಿಸಿ ಮನೆಯ ನೆಲದಡಿಯಲ್ಲಿಯೇ ಹೂಳುವ ಪದ್ಧತಿ ಇತ್ತು. ಮನೆಯು ಕೇವಲ ತಂಗುದಾಣವಾಗಿರದೆ ಕುಟುಂಬದ ಸ್ಥಿರ ನೆಲೆಯಾಗಿತ್ತೆಂಬುದನ್ನು ಇದು ಸೂಚಿಸುತ್ತದೆ.

ಸಂರಕ್ಷಣೆ

ಇಂತಹ ಕಲ್ಲಿನ ವೃತ್ತಗಳು ಹೊರನೋಟಕ್ಕೆ ಸಾಮಾನ್ಯ ಕಲ್ಲುಗಳಂತೆ ಕಾಣುವುದರಿಂದ ಬದು ಕಟ್ಟಲು ಅಥವಾ ಕಟ್ಟಡಕ್ಕೆ ಒಯ್ಯುವ ಸಂಭವವಿರುತ್ತದೆ. ಕಲ್ಲು ಒಮ್ಮೆ ಸ್ಥಳಾಂತರಗೊಂಡಲ್ಲಿ ಮನೆಯ ಅಳತೆ, ಬಾಗಿಲಿನ ದಿಕ್ಕು, ಒಲೆಯ ಸ್ಥಾನ ಯಾವುದನ್ನೂ ಮರಳಿ ತಿಳಿಯಲಾಗದು. ಇದೇ ಜಿಲ್ಲೆಯ ಸಂಗನಕಲ್ಲು-ಕುಪ್ಪಗಲ್ಲು ಗುಡ್ಡಗಳಲ್ಲಿ ಕಲ್ಲುಗಣಿಗಾರಿಕೆಯಿಂದ ಪ್ರಾಗೈತಿಹಾಸಿಕ ಅವಶೇಷಗಳಿಗೆ ಹಾನಿಯುಂಟಾಗಿರುವುದು ಇದಕ್ಕೆ ನಿದರ್ಶನವಾಗಿದೆ. ನಿಧಿಯ ಆಸೆಯಿಂದ ಅಗೆಯುವುದೂ ಅಷ್ಟೇ ಹಾನಿಕರ. ಇಲ್ಲಿ ಬೆಲೆಯುಳ್ಳದ್ದು ವಸ್ತುವಲ್ಲ, ಅದು ದೊರೆತ ಸ್ಥಾನ.

ಸಾರ್ವಜನಿಕರು ಉಳುಮೆ ಅಥವಾ ಪಾಯ ತೆಗೆಯುವ ಸಂದರ್ಭದಲ್ಲಿ ಕಲ್ಲಿನ ವೃತ್ತ, ಬೂದಿಯ ದಿಬ್ಬ, ಹಳೆಯ ಮಡಕೆ ಅಥವಾ ಕಲ್ಲಿನ ಕೊಡಲಿಗಳು ಕಂಡುಬಂದಲ್ಲಿ, ಅವುಗಳನ್ನು ಕದಲಿಸದೆ ತಹಶೀಲ್ದಾರರ ಕಚೇರಿಗೆ ಅಥವಾ ಪುರಾತತ್ವ ಇಲಾಖೆಗೆ ಮಾಹಿತಿ ನೀಡಿ ಸಹಕರಿಸಬೇಕೆಂದು ಕೋರಲಾಗಿದೆ.